ನೊಣದ ರೆಕ್ಕೆಯಲ್ಲಿ ರುಚಿ ಮತ್ತು ಸ್ಪರ್ಶ: ಒಂದು ಇಂದ್ರಿಯಶೋಧದ ಚರಿತ್ರೆ

ಶ್ರೋತ್ರ, ತ್ವಕ್, ಚಕ್ಷು, ಜಿಹ್ವೆ, ಘ್ರಾಣ ಎಂಬ ಐದು ಜ್ಞಾನೇಂದ್ರಿಯಗಳ ವಿಂಗಡಣೆ ನಮ್ಮ ದರ್ಶನಶಾಸ್ತ್ರಗಳಿಗೆ ಅತ್ಯಂತ ಪರಿಚಿತವಾದುದು. ಗ್ರೀಕ್ ಚಿಂತಕ ಅರಿಸ್ಟಾಟಲನೂ ಐದೇ ಇಂದ್ರಿಯಗಳನ್ನು ಎಣಿಸಿದ. ಈ ವಿಂಗಡಣೆಯ ಹಿಂದೆ ಎರಡು ಎಣಿಕೆಗಳಿವೆ. ಒಂದೊಂದು ಬಗೆಯ ಅರಿವಿಗೆ ಒಂದೊಂದು ಅಂಗ ಮೀಸಲು ಎಂಬುದು ಮೊದಲನೆಯದು. ರುಚಿಯ ಅಂಗವು ಬಾಯಿಯಲ್ಲಿಯೇ ಇರುತ್ತದೆ ಎಂಬುದು ಎರಡನೆಯದು. ‘ರಸನೆ’ ಎಂಬ ಪದವು ನಾಲಗೆಗೂ ಸವಿಯುವ ಕ್ರಿಯೆಗೂ ಸಮಾನವಾಗಿ ಸಲ್ಲುವುದನ್ನು ನೋಡಿದರೆ, ಈ ಎಣಿಕೆ ಭಾಷೆಯೊಳಗೇ ಎಷ್ಟು ಆಳವಾಗಿ ಬೇರೂರಿದೆ ಎಂಬುದು ತಿಳಿಯುತ್ತದೆ. ಮನುಷ್ಯನ ಮಟ್ಟಿಗೆ ಇದು ಬಹುತೇಕ ಸರಿಯಾದ ಮಾತು. ಆದರೆ ಅಡುಗೆಮನೆಯ ಹಣ್ಣಿನ ಬುಟ್ಟಿಯ ಮೇಲೆ ಹಾರಾಡುವ ಪುಟ್ಟ ನೊಣವೊಂದು ಈ ಎರಡೂ ಎಣಿಕೆಗಳನ್ನು ಸುಳ್ಳಾಗಿಸುತ್ತದೆ. ಅದು ಸೊಂಡಿಲಿನಿಂದ ರುಚಿ ನೋಡುತ್ತದೆ, ಕಾಲಿನಿಂದಲೂ ನೋಡುತ್ತದೆ. ಹಾರುವುದಕ್ಕೆಂದೇ ಇವೆಯೆಂದು ನಾವು ತಿಳಿದಿರುವ ರೆಕ್ಕೆಗಳ ಅಂಚಿನಲ್ಲಿಯೂ ರುಚಿಯನ್ನು ಗ್ರಹಿಸುವ ಕೂದಲುಗಳಿವೆ. ಅದೇ ಕೂದಲುಗಳು ಸ್ಪರ್ಶವನ್ನೂ ಅರಿಯುತ್ತವೆ.

ಈ ಸಂಗತಿ ಬೆಳಕಿಗೆ ಬಂದ ಬಗೆಯನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರೆಕ್ಕೆಯ ಮೇಲಿನ ಸೂಕ್ಷ್ಮಾಂಗಗಳನ್ನು ಕಂಡವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದ್ದರು. ಆದರೆ ಅವುಗಳ ಕೆಲಸವೇನೆಂದು ತಿಳಿಯಲು ಒಂದೂವರೆ ಶತಮಾನ ಬೇಕಾಯಿತು, ಆ ತಿಳಿವು ಈಗಲೂ ಪೂರ್ಣಗೊಂಡಿಲ್ಲ. ಕಣ್ಣಿಗೆ ಕಂಡದ್ದಕ್ಕೂ ಅರ್ಥವಾದದ್ದಕ್ಕೂ ನಡುವೆ ಇಷ್ಟು ದೀರ್ಘವಾದ ಅಂತರ ಏಕೆ ಉಂಟಾಯಿತು ಎಂಬ ಪ್ರಶ್ನೆ ವಿಜ್ಞಾನದ ಚರಿತ್ರೆಕಾರನಿಗೆ ಮುಖ್ಯವಾದುದು.

ರೆಕ್ಕೆಯ ಮೇಲೆ ಏನಿದೆ?

ಚರಿತ್ರೆಗೆ ತೊಡಗುವ ಮುನ್ನ ವಸ್ತುವಿನ ಪರಿಚಯ ಅಗತ್ಯ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಹಣ್ಣುನೊಣ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನ ರೆಕ್ಕೆಯಲ್ಲಿ ಮೂರು ಬಗೆಯ ಸಂವೇದಕಗಳನ್ನು ಗುರುತಿಸಬಹುದು. ಮೊದಲನೆಯವು ಸ್ಪರ್ಶದ ಬಿರುಗೂದಲುಗಳು. ಇವು ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲುಗಟ್ಟಿ ನಿಂತಿವೆ. ಪ್ರತಿಯೊಂದು ಕೂದಲಿನ ಬುಡದಲ್ಲಿ ಒಂದೇ ಒಂದು ನರಕೋಶವಿದ್ದು, ಕೂದಲು ಬಾಗಿದಾಗ ಅದು ಸಂಕೇತವನ್ನು ಕಳುಹಿಸುತ್ತದೆ. ಎರಡನೆಯವು ರುಚಿಯ ಕೂದಲುಗಳು. ಇವು ಅದೇ ಅಂಚಿನಲ್ಲಿ ಸ್ಪರ್ಶದ ಕೂದಲುಗಳ ನಡುನಡುವೆ, ಬಹುಮಟ್ಟಿಗೆ ಸಮಾನ ಅಂತರದಲ್ಲಿ ಹರಡಿವೆ. ಒಂದೊಂದು ರೆಕ್ಕೆಯಲ್ಲಿ ಇಂಥವು ಸುಮಾರು 40. ಇವು ತುಸು ಬಾಗಿದ ಕೂದಲುಗಳಾಗಿದ್ದು, ತುದಿಯಲ್ಲಿ ಸೂಕ್ಷ್ಮವಾದ ರಂಧ್ರವಿದೆ. ಬುಡದಲ್ಲಿ ಐದು ನರಕೋಶಗಳಿವೆ. ನಾಲ್ಕು ನರಕೋಶಗಳ ಎಳೆಗಳು ಕೂದಲಿನೊಳಗೆ ಸಾಗಿ ತುದಿಯ ರಂಧ್ರದವರೆಗೆ ಬಂದು ರಾಸಾಯನಿಕಗಳನ್ನು ಗ್ರಹಿಸುತ್ತವೆ. ಐದನೆಯದು ಬುಡದಲ್ಲಿಯೇ ನಿಂತು ಕೂದಲಿನ ಬಾಗುವಿಕೆಯನ್ನು ಗ್ರಹಿಸುತ್ತದೆ. ಅಂದರೆ ರುಚಿಯ ಕೂದಲು ಸ್ಪರ್ಶದ ಕೂದಲೂ ಆಗಿದೆ. ಮೂರನೆಯವು ಕೂದಲಿಲ್ಲದ, ಪುಟ್ಟ ಗುಮ್ಮಟದಂತೆ ಉಬ್ಬಿದ ಗಂಟೆಯಾಕಾರದ ಸಂವೇದಕಗಳು. ರೆಕ್ಕೆಯ ಬುಡದಲ್ಲಿಯೂ ನಾಳಗಳ ಮೇಲೆಯೂ ಇರುವ ಇವು, ಹಾರಾಟದಲ್ಲಿ ರೆಕ್ಕೆ ಬಾಗಿ ಹೊರಕವಚದ ಮೇಲೆ ಒತ್ತಡ ಬಿದ್ದಾಗ ಅದನ್ನು ಅಳೆಯುತ್ತವೆ.

ನೊಣಗಳಿಗೆ ಇರುವುದು ಒಂದೇ ಜೊತೆ ರೆಕ್ಕೆ. ಇತರ ಕೀಟಗಳಲ್ಲಿ ಹಿಂದಿನ ಜೊತೆ ರೆಕ್ಕೆಗಳಿರುವ ಸ್ಥಾನದಲ್ಲಿ ಇವಕ್ಕೆ ಸಣ್ಣ ಗುಂಡುತಲೆಯ ಎರಡು ಕಡ್ಡಿಗಳಿವೆ. ಇವುಗಳನ್ನು ಸಮತೋಲಕಗಳೆಂದು ಕರೆಯಬಹುದು. ಇವುಗಳ ಬುಡದಲ್ಲಿಯೂ ಗಂಟೆಯಾಕಾರದ ಸಂವೇದಕಗಳು ದಟ್ಟವಾಗಿವೆ. ಸಮತೋಲಕವು ರೂಪಾಂತರಗೊಂಡ ರೆಕ್ಕೆಯೇ ಆದುದರಿಂದ ಎರಡರ ಚರಿತ್ರೆಯನ್ನೂ ಕೂಡಿಸಿಯೇ ನೋಡಬೇಕಾಗುತ್ತದೆ.

ಸೂಕ್ಷ್ಮದರ್ಶಕದ ಮೊದಲ ನೋಟ

1665ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ರಾಬರ್ಟ್ ಹುಕ್‌ನ ‘ಮೈಕ್ರೊಗ್ರಾಫಿಯಾ’ ಗ್ರಂಥದಲ್ಲಿ ನೊಣದ ಕಣ್ಣು, ಪಾದ ಮತ್ತು ರೆಕ್ಕೆಗಳ ವಿವರಗಳಿವೆ. ರೆಕ್ಕೆಯ ರಚನೆ ಮತ್ತು ಚಲನೆಗಳಿಗೆಂದೇ ಅವನು ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದ. ರೆಕ್ಕೆಯ ಕೆಳಗೆ ತೂಗಾಡುವ ಹನಿಯಂತಹ ಸಮತೋಲಕಗಳನ್ನೂ ಅವನು ಗಮನಿಸಿದ್ದ. ನೊಣದ ಗುಂಯ್‌ಗಾನದ ಶ್ರುತಿಯನ್ನು ಆಧರಿಸಿ ಅದು ರೆಕ್ಕೆ ಬಡಿಯುವ ವೇಗವನ್ನು ಹೇಳಬಲ್ಲೆನೆಂದು ಹುಕ್ ತಿಳಿಸಿದ ಪ್ರಸಂಗ ಸ್ಯಾಮ್ಯುಯಲ್ ಪೀಪ್ಸ್‌ನ 1666ರ ದಿನಚರಿಯಲ್ಲಿ ದಾಖಲಾಗಿದೆ. ಆದರೆ ಹುಕ್‌ಗೆ ರೆಕ್ಕೆ ಒಂದು ಯಂತ್ರವಾಗಿ ಕಂಡಿತೇ ಹೊರತು ಇಂದ್ರಿಯವಾಗಿ ಕಾಣಲಿಲ್ಲ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ವಿಲಿಯಂ ಡರ್ಹಾಮ್ ಎಂಬ ಇಂಗ್ಲಿಷ್ ಪಾದ್ರಿ ಒಂದು ಸರಳವಾದ ಪ್ರಯೋಗ ನಡೆಸಿದ. ಸಮತೋಲಕಗಳನ್ನು ಕತ್ತರಿಸಿದರೆ ನೊಣವು ನೆಟ್ಟಗೆ ಹಾರಲಾರದೆ ಬೀಳುತ್ತದೆ ಎಂಬುದನ್ನು ಅವನು ತೋರಿಸಿದ. ಒಂದು ಅಂಗವನ್ನು ತೆಗೆದು ಪ್ರಾಣಿಯ ನಡವಳಿಕೆಯಲ್ಲಿ ಆಗುವ ಬದಲಾವಣೆಯನ್ನು ನೋಡುವ ಈ ವಿಧಾನ ನಮ್ಮ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಶಕ್ತಿ ಮತ್ತು ದೌರ್ಬಲ್ಯ ಎರಡನ್ನೂ ಮುಂದೆ ಕಾಣಲಿದ್ದೇವೆ.

ಹಿಕ್ಸ್ ಕಂಡದ್ದು, ಹಿಕ್ಸ್ ಊಹಿಸಿದ್ದು

ರೆಕ್ಕೆಯ ಬುಡದಲ್ಲಿ ಮತ್ತು ಸಮತೋಲಕದಲ್ಲಿ ನರಗಳಿಂದ ಪೋಷಿತವಾದ ಅಂಗಗಳಿವೆ ಎಂದು ವಿಶದವಾಗಿ ವಿವರಿಸಿದ ಕೀರ್ತಿ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ (1823–1897) ಅವರಿಗೆ ಸಲ್ಲಬೇಕು. ಗರ್ಭಿಣಿಯರಲ್ಲಿ ಹೆರಿಗೆಗೆ ಮುಂಚೆ ಕಾಣಿಸಿಕೊಳ್ಳುವ ‘ಬ್ರಾಕ್ಸ್‌ಟನ್ ಹಿಕ್ಸ್ ಸಂಕೋಚನ’ಗಳಿಗೆ ಹೆಸರು ಕೊಟ್ಟ ಪ್ರಸೂತಿತಜ್ಞರೇ ಇವರು. 1857ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಕೀಟಗಳ ಒಂದು ಹೊಸ ಅಂಗವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅವರು ಕಂಡದ್ದು ಇಂದು ನಾವು ಗಂಟೆಯಾಕಾರದ ಸಂವೇದಕಗಳೆಂದು ಕರೆಯುವ ಗುಮ್ಮಟಗಳನ್ನು. ಅವರ ಅವಲೋಕನ ನಿಖರವಾಗಿತ್ತು. ಆದರೆ ಅವುಗಳ ಕಾರ್ಯವನ್ನು ನಿರ್ಧರಿಸುವಾಗ ಅವರು ಎಡವಿದರು. ತೆಳುವಾದ ಪೊರೆ, ಅದರ ಕೆಳಗೆ ನರ ಎಂಬ ರಚನೆಯನ್ನು ನೋಡಿ ಇವು ವಾಸನೆಯ ಅಂಗಗಳಿರಬೇಕೆಂದು ತೀರ್ಮಾನಿಸಿದರು.

ಈ ತೀರ್ಮಾನ ಹೆಚ್ಚು ಕಡಿಮೆ ಎಂಬತ್ತು ವರ್ಷಗಳ ಕಾಲ ಜೀವಂತವಾಗಿತ್ತು. ಅಮೆರಿಕದ ಕೃಷಿ ಇಲಾಖೆಯ ಕೀಟವಿಜ್ಞಾನಿ ಮ್ಯಾಕ್‌ಇಂಡೂ 1914ರಿಂದ ಮುಂದಕ್ಕೆ ಬರೆದ ಪ್ರಬಂಧಗಳಲ್ಲಿ ಇವುಗಳನ್ನು ‘ಘ್ರಾಣರಂಧ್ರ’ಗಳೆಂದೇ ಕರೆದರು. ರೆಕ್ಕೆಗಳನ್ನು ಕಿತ್ತ ಅಥವಾ ರಂಧ್ರಗಳನ್ನು ಅಂಟಿನಿಂದ ಮುಚ್ಚಿದ ಜೇನುನೊಣಗಳು ವಾಸನೆಗೆ ನಿಧಾನವಾಗಿ ಪ್ರತಿಕ್ರಿಯಿಸುತ್ತವೆ ಎಂಬುದು ಅವರ ಆಧಾರವಾಗಿತ್ತು. ಡರ್ಹಾಮ್‌ನ ವಿಧಾನದ ದೌರ್ಬಲ್ಯ ಇಲ್ಲಿ ಎದ್ದು ಕಾಣುತ್ತದೆ. ಗಾಯಗೊಂಡ ಪ್ರಾಣಿ ಯಾವ ಪ್ರಚೋದನೆಗೂ ನಿಧಾನವಾಗಿಯೇ ಪ್ರತಿಕ್ರಿಯಿಸಬಹುದು. ಆ ನಿಧಾನವು ವಾಸನೆಯ ಅಂಗ ನಷ್ಟವಾದುದಕ್ಕೆ ಸಾಕ್ಷಿಯಾಗಲಾರದು. ಕಾರ್ಲ್ ಫಾನ್ ಫ್ರಿಶ್ 1921ರಲ್ಲಿ ತರಬೇತಿ ಪಡೆದ ಜೇನುನೊಣಗಳನ್ನು ಬಳಸಿ, ವಾಸನೆಯ ನೆಲೆ ಮೀಸೆಗಳಲ್ಲಿದೆ ಎಂಬುದನ್ನು ತೋರಿಸಿದರು. ಗುಮ್ಮಟಗಳ ನಿಜವಾದ ಕೆಲಸ ತಿಳಿದುದು ಅವುಗಳ ನರಗಳ ವಿದ್ಯುತ್ ಸಂಕೇತಗಳನ್ನು ಆಲಿಸಿದ ಮೇಲೆ. 1938ರಲ್ಲಿ ಕೇಂಬ್ರಿಜ್‌ನ ಜೆ.ಡಬ್ಲ್ಯು.ಎಸ್. ಪ್ರಿಂಗಲ್ ಅವರು ಜಿರಲೆಯ ಕಾಲಿನ ಸಂವೇದಕಗಳನ್ನು ಪರೀಕ್ಷಿಸಿ, ಅವು ಹೊರಕವಚದ ಮೇಲೆ ಬೀಳುವ ಒತ್ತಡವನ್ನು ಗ್ರಹಿಸುತ್ತವೆ ಎಂದು ಸಾಬೀತುಪಡಿಸಿದರು. 1948ರಲ್ಲಿ ಅವರು ಸಮತೋಲಕಗಳು ಗೈರೊಸ್ಕೋಪಿನಂತೆ ಕೆಲಸ ಮಾಡುತ್ತವೆ ಎಂಬುದನ್ನು ವಿಸ್ತಾರವಾಗಿ ನಿರೂಪಿಸಿದರು. ಹಾರುವಾಗ ನೊಣದ ದೇಹ ತಿರುಗಿದರೆ, ಬಡಿಯುತ್ತಿರುವ ಸಮತೋಲಕದ ಬುಡದಲ್ಲಿ ಹೊಸ ಒತ್ತಡ ಉಂಟಾಗುತ್ತದೆ. ಅದನ್ನು ಗುಮ್ಮಟಗಳು ಅಳೆದು ತಿಳಿಸುತ್ತವೆ. ಹಿಕ್ಸ್ ‘ಮೂಗು’ ಎಂದು ತಿಳಿದದ್ದು ಸ್ಪರ್ಶದ ಒಂದು ಪರಿಷ್ಕೃತ ರೂಪವಾಗಿತ್ತು.

ರುಚಿ ಬಾಯಿಯಿಂದ ಹೊರಬಂದ ಬಗೆ

ರುಚಿಯ ಅನ್ವೇಷಣೆ ಬೇರೊಂದು ದಾರಿಯಲ್ಲಿ ಸಾಗಿತ್ತು. ಅಮೆರಿಕದ ಡ್ವೈಟ್ ಮಿನ್ನಿಚ್ 1921ರಲ್ಲಿ ಚಿಟ್ಟೆಗಳ ಪಾದಗಳನ್ನು ಕುರಿತ ಪ್ರಯೋಗಗಳನ್ನು ಪ್ರಕಟಿಸಿದರು. ಹಸಿದ ಚಿಟ್ಟೆಯ ಪಾದಕ್ಕೆ ಸಕ್ಕರೆಯ ನೀರನ್ನು ಸೋಕಿಸಿದರೆ, ಸುರುಳಿ ಸುತ್ತಿಕೊಂಡಿದ್ದ ಅದರ ಹೀರುನಳಿಕೆ ಥಟ್ಟನೆ ಬಿಚ್ಚಿಕೊಳ್ಳುತ್ತದೆ. ಬರಿಯ ನೀರಿಗೂ ಸಕ್ಕರೆಯ ನೀರಿಗೂ ಇರುವ ವ್ಯತ್ಯಾಸವನ್ನು ಪಾದವೇ ಗುರುತಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ದೀರ್ಘಕಾಲ ಹಸಿದಿದ್ದ ಚಿಟ್ಟೆಯ ಪಾದ ಮನುಷ್ಯನ ನಾಲಗೆಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಸೂಕ್ಷ್ಮವಾಗಿ ಸಕ್ಕರೆಯನ್ನು ಗುರುತಿಸಬಲ್ಲುದೆಂದು ಅವರು ಲೆಕ್ಕಹಾಕಿದರು. ಮುಂದೆ 1926ರಿಂದ 1931ರ ಅವಧಿಯಲ್ಲಿ ನೊಣಗಳ ಪಾದ ಮತ್ತು ಸೊಂಡಿಲಿನ ಕೂದಲುಗಳಲ್ಲಿಯೂ ಇದೇ ಶಕ್ತಿಯನ್ನು ಅವರು ಕಂಡರು.

ಮಿನ್ನಿಚ್ ಅವರ ವಿಧಾನದಲ್ಲಿ ಪ್ರಾಣಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸೊಗಸಿತ್ತು. ಸೊಂಡಿಲು ಚಾಚಿದರೆ ‘ಹೌದು’, ಚಾಚದಿದ್ದರೆ ‘ಇಲ್ಲ’. ವಿನ್ಸೆಂಟ್ ಡೆಥಿಯರ್ ಈ ಸಂವಾದವನ್ನು ಜೀವಮಾನದ ಅಧ್ಯಯನವನ್ನಾಗಿ ಮಾಡಿಕೊಂಡರು. 1962ರಲ್ಲಿ ಪ್ರಕಟವಾದ ಅವರ ‘ಟು ನೋ ಎ ಫ್ಲೈ’ ಎಂಬ ಚಿಕ್ಕ ಪುಸ್ತಕ ಹಲವು ತಲೆಮಾರುಗಳ ವಿದ್ಯಾರ್ಥಿಗಳನ್ನು ಪ್ರಯೋಗವಿಜ್ಞಾನದತ್ತ ಸೆಳೆಯಿತು. 1955ರಲ್ಲಿ ಹಾಡ್ಜ್‌ಸನ್, ಲೆಟ್ವಿನ್ ಮತ್ತು ರೋಡರ್ ಒಂದು ನಿರ್ಣಾಯಕವಾದ ತಂತ್ರವನ್ನು ರೂಪಿಸಿದರು. ಅತಿಸಪೂರವಾದ ಗಾಜಿನ ನಳಿಕೆಯಲ್ಲಿ ಪರೀಕ್ಷಾದ್ರಾವಣವನ್ನು ತುಂಬಿ ಅದನ್ನು ಒಂದೇ ಒಂದು ಕೂದಲಿನ ತುದಿಗೆ ಟೊಪ್ಪಿಗೆಯಂತೆ ತೊಡಿಸುವುದು ಆ ತಂತ್ರ. ಅದೇ ದ್ರಾವಣ ರುಚಿಯೂ ಹೌದು, ವಿದ್ಯುತ್ ಸಂಕೇತವನ್ನು ಒಯ್ಯುವ ತಂತಿಯೂ ಹೌದು. 1958ರಲ್ಲಿ ವೋಲ್ಬಾರ್ಷ್ಟ್ ಮತ್ತು ಡೆಥಿಯರ್ ಇದೇ ತಂತ್ರದಿಂದ ಮತ್ತೊಂದು ಸಂಗತಿಯನ್ನು ಹೊರಗೆಡಹಿದರು. ರುಚಿಯ ಕೂದಲನ್ನು ಬಾಗಿಸಿದಾಗ ಅದರಲ್ಲಿ ಬೇರೆಯೇ ಒಂದು ನರಕೋಶ ಸಂಕೇತ ನೀಡುತ್ತಿತ್ತು. ಒಂದು ಅಂಗಕ್ಕೆ ಒಂದೇ ಅರಿವು ಎಂಬ ಎಣಿಕೆ ಅಲ್ಲಿಗೆ ಮುರಿದುಬಿದ್ದಿತು. ನೊಣದ ಒಂದು ಕೂದಲು ಏಕಕಾಲದಲ್ಲಿ ಜಿಹ್ವೆಯೂ ತ್ವಕ್ಕೂ ಆಗಿದ್ದಿತು.

ಹಾಗಿದ್ದರೂ ರೆಕ್ಕೆಯ ಕೂದಲುಗಳು ಬಹುಕಾಲ ಹಿನ್ನೆಲೆಯಲ್ಲಿಯೇ ಉಳಿದವು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಪ್ರಶ್ನೆಯನ್ನು ಕೇಳಿದ ಬಗೆಯೂ ಒಂದು ಕಾರಣ. ಉತ್ತರವನ್ನು ಸೊಂಡಿಲಿನಲ್ಲಿಯೇ ಹುಡುಕುವವರು ಊಟಕ್ಕೆ ಸಂಬಂಧಿಸಿದ ರುಚಿಯನ್ನು ಮಾತ್ರ ಕಾಣಬಲ್ಲರು. ರುಚಿಗೆ ಊಟವಲ್ಲದೆ ಬೇರೆ ಪ್ರಯೋಜನವೂ ಇರಬಹುದು ಎಂಬ ಸಾಧ್ಯತೆ ಆ ವಿಧಾನದ ಪರಿಧಿಯಿಂದ ಹೊರಗಿತ್ತು.

ಭಾರತದ ಕೊಡುಗೆ

ಈ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ, ಅದರಲ್ಲಿಯೂ ಕರ್ನಾಟಕಕ್ಕೆ, ಗಣನೀಯವಾದ ಸ್ಥಾನವಿದೆ. ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ಘಟಕವನ್ನು ಕಟ್ಟಿದ ಓಬೈದ್ ಸಿದ್ದಿಖಿ (1932–2013), ಎಪ್ಪತ್ತರ ದಶಕದಲ್ಲಿ ಹಣ್ಣುನೊಣದ ವಾಸನೆ ಮತ್ತು ರುಚಿಗಳತ್ತ ತಿರುಗಿದರು. ರುಚಿಯನ್ನು ಸರಿಯಾಗಿ ಗುರುತಿಸಲಾರದ ಉತ್ಪರಿವರ್ತಿತ ತಳಿಗಳನ್ನು ಆರಿಸಿ, ಯಾವ ಜೀನ್ ಕೆಟ್ಟರೆ ಯಾವ ರುಚಿ ಇಲ್ಲವಾಗುತ್ತದೆ ಎಂದು ಪರೀಕ್ಷಿಸುವುದು ಅವರ ಮಾರ್ಗವಾಗಿತ್ತು. 1978ರಲ್ಲಿ ಅವರು ಮತ್ತು ವೆರೊನಿಕಾ ರಾಡ್ರಿಗಸ್ ರಾಸಾಯನಿಕ ಸಂವೇದನೆಯ ಪಥವನ್ನು ಕುರಿತ ಆನುವಂಶಿಕ ವಿಶ್ಲೇಷಣೆಯನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. 1981ರಲ್ಲಿ ಒಂದು ಬಗೆಯ ಸಕ್ಕರೆಗಳನ್ನು ಗ್ರಹಿಸಲಾರದ ತಳಿಯನ್ನು ವಿವರಿಸಿದರು. ಅದೇ ಸಂಸ್ಥೆಯ ಎಸ್.ವಿ. ನಾಯಕ್ ಮತ್ತು ಆರ್. ನರೇಶ್ ಸಿಂಗ್ 1983ರಲ್ಲಿ ಹಣ್ಣುನೊಣದ ಪಾದ ಮತ್ತು ಸೊಂಡಿಲಿನ ಸಂವೇದಕಗಳನ್ನು ಸ್ಥಾನಸಹಿತ ವಿವರಿಸಿದ ಪ್ರಬಂಧವನ್ನು ಪ್ರಕಟಿಸಿದರು. ರುಚಿಯ ಜೀನುಗಳೇ ತಿಳಿದಿರದ ಕಾಲದಲ್ಲಿ ಈ ಕೆಲಸಗಳು ನಡೆದವು ಎಂಬುದನ್ನು ಇಲ್ಲಿ ನೆನೆಯಬೇಕು.

ಸಿದ್ದಿಖಿಯವರು ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವನ್ನು ಸ್ಥಾಪಿಸಿದರು. ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಈ ಸಂಸ್ಥೆಯಲ್ಲಿ ರಾಡ್ರಿಗಸ್ ಅವರೂ 2010ರಲ್ಲಿ ನಿಧನರಾಗುವವರೆಗೆ ಕೆಲಸ ಮಾಡಿದರು. ಇಲ್ಲಿಂದಲೇ 2015ರಲ್ಲಿ ತನ್ವಿ ದೇವರಾ, ಅಮಿತ್ ಕುಮಾರ್ ಸಿಂಗ್ ಮತ್ತು ಸಂಜಯ್ ಸಾನೆ ಅವರು ರೆಕ್ಕೆ ಮತ್ತು ಸಮತೋಲಕಗಳು ತಾಳ ತಪ್ಪದೆ ಬಡಿಯುವುದಕ್ಕೆ ಎದೆಗೂಡಿನ ಹೊರಕವಚದಲ್ಲಿರುವ ಯಾಂತ್ರಿಕ ಕೊಂಡಿಗಳು ಕಾರಣವೆಂದು ತೋರಿಸಿದರು. ಹುಕ್‌ನ ಕಾಲದಿಂದ ಕಾದಿದ್ದ ಪ್ರಶ್ನೆಯೊಂದಕ್ಕೆ ಬೆಂಗಳೂರಿನಿಂದ ಉತ್ತರ ಬಂದಿತು.

ಮೈಸೂರಿನ ಪರಂಪರೆ ಇನ್ನೂ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿಯವರು ಹಣ್ಣುನೊಣಗಳ ಅಧ್ಯಯನಕ್ಕೆ ನೆಲೆ ಒದಗಿಸಿದರು. ಅವರ ಹೆಸರನ್ನು ಹೊತ್ತ ‘ಡ್ರೊಸೊಫಿಲಾ ರಾಜಶೇಖರಿ’ಯನ್ನು 1968ರಲ್ಲಿ ರೆಡ್ಡಿ ಮತ್ತು ಕೃಷ್ಣಮೂರ್ತಿ ವರ್ಣಿಸಿದರು. ಈ ನೊಣವು 1924ರಲ್ಲಿಯೇ ವರ್ಣಿತವಾಗಿದ್ದ ‘ಬೈಆರ್ಮಿಪೆಸ್’ ಪ್ರಭೇದವೇ ಎಂದು ಅನಂತರ ನಿರ್ಣಯವಾಯಿತು. ಇದರ ಗಂಡಿನ ರೆಕ್ಕೆಯ ತುದಿಯಲ್ಲಿ ಕಪ್ಪು ಮಚ್ಚೆಯಿದೆ. ಆ ಮಚ್ಚೆ ವಿಕಾಸದ ಅಧ್ಯಯನದಲ್ಲಿ ಪ್ರಸಿದ್ಧವಾಗಿದೆ. ರೆಕ್ಕೆ ಹಾರುವುದಕ್ಕಷ್ಟೇ ಅಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಒಂದೇ ಮೂಲ, ಎರಡು ಇಂದ್ರಿಯ

1979ರಲ್ಲಿ ಜಾನ್ ಪಾಲ್ಕಾ ಮತ್ತು ಸಂಗಡಿಗರು, ಸಮತೋಲಕದ ಸ್ಥಾನದಲ್ಲಿ ರೆಕ್ಕೆ ಮೂಡಿದ ನಾಲ್ಕು ರೆಕ್ಕೆಯ ನೊಣಗಳನ್ನು ಬಳಸಿ ರೆಕ್ಕೆಯ ನರತಂತುಗಳ ಹಾದಿಯನ್ನು ಗುರುತಿಸಿದರು. ಬಿರುಗೂದಲುಗಳ ತಂತುಗಳೂ ಗುಮ್ಮಟಗಳ ತಂತುಗಳೂ ಎದೆಭಾಗದ ನರಗ್ರಂಥಿಯೊಳಗೆ ಬೇರೆ ಬೇರೆ ಹಾದಿ ಹಿಡಿಯುತ್ತವೆ ಎಂಬುದು ತಿಳಿಯಿತು. ರೆಕ್ಕೆಯ ಕೂದಲುಗಳು ರುಚಿಯ ಅಂಗಗಳಿರಬೇಕೆಂಬ ಮಾತು ಈ ಕಾಲದಲ್ಲಿಯೇ ಸ್ಪಷ್ಟವಾಗಿ ಕೇಳಿಬಂದಿತು. ಎಂಬತ್ತರ ದಶಕದಲ್ಲಿ ಇಟಲಿಯ ಆಂಜೊಯ್, ಲಿಶಾ ಮತ್ತು ಪಿಯೆತ್ರಾ ಊದುನೊಣದ ರೆಕ್ಕೆಯ ರುಚಿಗೂದಲುಗಳ ಕಾರ್ಯವನ್ನು ನೇರವಾಗಿ ಪರೀಕ್ಷಿಸಿದರು.

ರುಚಿಯ ಕೂದಲಿಗೂ ಸ್ಪರ್ಶದ ಕೂದಲಿಗೂ ಇರುವ ನಂಟು 1992ರಲ್ಲಿ ಬಯಲಾಯಿತು. ಕ್ರಿಸ್ಟೀನ್ ದಾಂಬ್ಲಿ-ಶೋದಿಯೇರ್, ಆಲೆನ್ ಘೀಸೆನ್ ಮೊದಲಾದವರು ‘ಪಾಕ್ಸ್ ನ್ಯೂರೊ’ ಎಂಬ ಜೀನಿನ ಪಾತ್ರವನ್ನು ವಿವರಿಸಿದರು. ಬೆಳೆಯುತ್ತಿರುವ ಕೂದಲಿನ ಮೂಲಕೋಶದಲ್ಲಿ ಈ ಜೀನ್ ಕೆಲಸ ಮಾಡಿದರೆ ಹಲವು ನರಕೋಶಗಳ ರುಚಿಗೂದಲು ರೂಪುಗೊಳ್ಳುತ್ತದೆ. ಅದು ಕೆಲಸ ಮಾಡದಿದ್ದರೆ ಅದೇ ಸ್ಥಾನದಲ್ಲಿ ಒಂದೇ ನರಕೋಶದ ಸ್ಪರ್ಶಗೂದಲು ಮೂಡುತ್ತದೆ. ದರ್ಶನಶಾಸ್ತ್ರಗಳು ಬೇರೆ ಬೇರೆಯಾಗಿ ಎಣಿಸಿದ ಎರಡು ಇಂದ್ರಿಯಗಳು ನೊಣದಲ್ಲಿ ಒಂದೇ ಮೂಲದಿಂದ ಕವಲೊಡೆಯುತ್ತವೆ, ಆ ಕವಲನ್ನು ನಿರ್ಧರಿಸುವುದು ಒಂದು ಜೀನ್. ಈ ಜೀನ್ ಕೆಟ್ಟ ತಳಿ ಹೊರಮೈಯ ರುಚಿಗೂದಲುಗಳಿಲ್ಲದ ತಳಿಯಾದ್ದರಿಂದ ಮುಂದಿನ ಸಂಶೋಧಕರಿಗೆ ಅದೊಂದು ಅಮೂಲ್ಯ ಸಾಧನವಾಯಿತು. ಡರ್ಹಾಮ್ ಕತ್ತರಿಯಿಂದ ಮಾಡಿದ ಕೆಲಸವನ್ನು ಇನ್ನು ಗಾಯವಿಲ್ಲದೆಯೇ ಮಾಡುವಂತಾಯಿತು. 2000ದಲ್ಲಿ ಕ್ಲೈನ್, ವಾರ್ ಮತ್ತು ಕಾರ್ಲ್‌ಸನ್ ಅವರು ರುಚಿಗ್ರಾಹಕ ಪ್ರೋಟೀನುಗಳ ಜೀನ್ ಕುಟುಂಬವನ್ನು ಗುರುತಿಸಿದುದು ಈ ಹಾದಿಯ ಮತ್ತೊಂದು ಮೈಲಿಗಲ್ಲು.

ರೆಕ್ಕೆ ರುಚಿ ನೋಡುವುದು ಏತಕ್ಕೆ?

ಕಳೆದ ದಶಕದಲ್ಲಿ ಈ ಪ್ರಶ್ನೆಗೆ ಮೂರು ಉತ್ತರಗಳು ದೊರೆತಿವೆ. ಮೊದಲನೆಯದು ಶುಚಿತ್ವ. 2014ರಲ್ಲಿ ಯಾನಗಾವ, ಗಿಗ್ ಮತ್ತು ಮಾರಿಯೋನ್-ಪಾಲ್ ತಲೆ ತೆಗೆದ ನೊಣಗಳ ರೆಕ್ಕೆಯ ಅಂಚಿಗೆ ವಿವಿಧ ವಸ್ತುಗಳನ್ನು ಸೋಕಿಸಿದರು. ಕಹಿಯಾದ ಕ್ವಿನೈನ್ ಮತ್ತು ಬ್ಯಾಕ್ಟೀರಿಯಾಗಳ ಹೊರಕವಚದ ಅಂಶ ಸೋಕಿದೊಡನೆ ನೊಣ ಕಾಲುಗಳಿಂದ ಮೈಯನ್ನು ಉಜ್ಜಿ ಶುಚಿಮಾಡಿಕೊಳ್ಳಲು ತೊಡಗಿತು. ಸಕ್ಕರೆಗೆ ಅಂಥ ಪರಿಣಾಮವಿರಲಿಲ್ಲ. ಪಾಕ್ಸ್ ನ್ಯೂರೊ ಕೆಟ್ಟ ತಳಿಯಲ್ಲಿ ಬ್ಯಾಕ್ಟೀರಿಯಾದ ಅಂಶಕ್ಕೂ ಪ್ರತಿಕ್ರಿಯೆ ಕಾಣಲಿಲ್ಲ. ತಲೆಯೂ ಬಾಯಿಯೂ ಇಲ್ಲದ ನೊಣದ ರೆಕ್ಕೆ ರುಚಿ ನೋಡಿ, ರೋಗಾಣುಗಳ ಸುಳಿವನ್ನು ಗುರುತಿಸಿ, ಕಾಲುಗಳಿಗೆ ಕೆಲಸ ಹಚ್ಚಿತು. ಸೊಂಡಿಲನ್ನೇ ನೋಡುತ್ತಿದ್ದವರಿಗೆ ಈ ಉತ್ತರ ಎಂದೂ ದೊರೆಯುತ್ತಿರಲಿಲ್ಲ.

ಎರಡನೆಯದು ಅನ್ವೇಷಣೆ. 2016ರಲ್ಲಿ ರಾದ್, ಫೆರ್ವರ್, ರೊಬಿಶೋನ್ ಮೊದಲಾದವರು ರೆಕ್ಕೆಯಂಚಿನ ಕೂದಲುಗಳ ನರಕೋಶಗಳಲ್ಲಿ ಸಿಹಿ ಮತ್ತು ಕಹಿ ಎರಡಕ್ಕೂ ಕ್ಯಾಲ್ಸಿಯಂ ಮಟ್ಟ ಏರುವುದನ್ನು ಕಂಡರು. ರೆಕ್ಕೆಯ ರುಚಿಕೋಶಗಳು ಕಡಿಮೆಯಾದ ನೊಣಗಳು ಸುತ್ತಲಿನ ಪರಿಸರವನ್ನು ಅರಸುವುದರಲ್ಲಿ ಹಿಂದುಳಿದವು. ಮೂರನೆಯದು ಸಂಗಾತಿಯ ಗುರುತು. 2019ರಲ್ಲಿ ಜಾನ್ ಕಾರ್ಲ್‌ಸನ್ ಅವರ ತಂಡ, ಒಂದು ನೊಣದ ಮೈಮೇಲಿನ ದೊಡ್ಡ, ಜಿಡ್ಡಿನ ಗುಣದ ಅಣುಗಳು ಮತ್ತೊಂದರ ರೆಕ್ಕೆಯಂಚಿಗೆ ವರ್ಗವಾಗಬಲ್ಲವೆಂದು ತೋರಿಸಿತು. ಆ ಕೂದಲುಗಳಲ್ಲಿ ಮತ್ತು ಕಾಲುಗಳಲ್ಲಿ ಇರುವ ‘ಐಆರ್ 52ಎ’ ಎಂಬ ಗ್ರಾಹಕದ ಜೀನ್ ಕೆಟ್ಟಾಗ ಗಂಡಿನ ಪ್ರಣಯದ ನಡವಳಿಕೆ ಕುಗ್ಗಿತು.

ಈ ಮೂರು ಉತ್ತರಗಳು ಪರಸ್ಪರ ವಿರುದ್ಧವಾಗಿರಬೇಕಾಗಿಲ್ಲ. ಕೊಳೆತ ಹಣ್ಣು, ರೋಗಾಣು ಮತ್ತು ಸಂಗಾತಿ ಮೂರನ್ನೂ ನೊಣ ಒಂದೇ ಹಣ್ಣಿನ ಮೇಲೆ ಎದುರಿಸುತ್ತದೆ. ಆದರೆ ಒಂದೊಂದು ಸಾಕ್ಷ್ಯ ಎಷ್ಟು ದೂರ ಸಾಗುತ್ತದೆ ಎಂಬ ಎಚ್ಚರ ಅಗತ್ಯ. ಮೂರನೆಯ ಅಧ್ಯಯನದ ಗ್ರಾಹಕ ಕಾಲುಗಳಲ್ಲಿಯೂ ಇರುವುದರಿಂದ, ನಡವಳಿಕೆಯ ಬದಲಾವಣೆಯನ್ನೆಲ್ಲ ರೆಕ್ಕೆಯ ಲೆಕ್ಕಕ್ಕೆ ಬರೆಯಲಾಗದು.

ಉಪಸಂಹಾರ

ಈ ಚರಿತ್ರೆಯ ಪ್ರಯೋಜನ ನೊಣಕ್ಕಷ್ಟೇ ಸೀಮಿತವಲ್ಲ. ಸೊಳ್ಳೆಗಳೂ ಇದೇ ದ್ವಿಪಕ್ಷಿ ಗಣಕ್ಕೆ ಸೇರಿದವು. ಔಷಧ ಬಳಿದ ಸೊಳ್ಳೆಪರದೆಯನ್ನಾಗಲೀ ಗೋಡೆಯನ್ನಾಗಲೀ ಅವು ಮೈಸೋಕಿನ ಮೂಲಕವೂ ಅರಿಯುತ್ತವೆ. ಅವುಗಳ ಯಾವ ಅಂಗ ಏನನ್ನು ಗ್ರಹಿಸುತ್ತದೆ ಎಂಬ ತಿಳಿವು ರೋಗನಿಯಂತ್ರಣಕ್ಕೆ ಬೇಕಾದುದು.

ಅದಕ್ಕಿಂತ ಮಿಗಿಲಾಗಿ, ಈ ಚರಿತ್ರೆ ಜ್ಞಾನದ ರೀತಿಯನ್ನು ಕುರಿತು ಒಂದು ಪಾಠವನ್ನು ಹೇಳುತ್ತದೆ. ಹಿಕ್ಸ್ ಅವರ ಕಣ್ಣು ತಪ್ಪಲಿಲ್ಲ. ಕಂಡ ರಚನೆಗೆ ತಮ್ಮ ದೇಹದ ಅನುಭವದಿಂದ ಅರ್ಥವನ್ನು ಎರವಲು ತಂದದ್ದು ಅವರ ತಪ್ಪು. ಮ್ಯಾಕ್‌ಇಂಡೂ ಅವರು ಪ್ರಯೋಗ ಮಾಡಿದರು, ಆದರೆ ಗಾಯದ ಪರಿಣಾಮವನ್ನು ಇಂದ್ರಿಯದ ಪರಿಣಾಮದಿಂದ ಬೇರ್ಪಡಿಸಲಿಲ್ಲ. ಮಿನ್ನಿಚ್ ಅವರ ಪ್ರಶ್ನೆ ಸರಿಯಾಗಿತ್ತು, ಆದರೆ ಅದಕ್ಕೆ ಉತ್ತರಿಸುವ ಅವಕಾಶ ಬಾಯಿಗೆ ಮಾತ್ರ ಇತ್ತು. ಪ್ರತಿಯೊಂದು ತಲೆಮಾರೂ ಹಿಂದಿನವರ ಮಿತಿಯನ್ನು ತಿದ್ದಿತು ಮತ್ತು ತನ್ನದೊಂದು ಮಿತಿಯನ್ನು ಉಳಿಸಿಹೋಯಿತು. 2024ರಲ್ಲಿ ಹಣ್ಣುನೊಣದ ಮಿದುಳಿನ ಸುಮಾರು 1,39,000 ನರಕೋಶಗಳ ಸಂಪರ್ಕಗಳ ನಕ್ಷೆ ಪ್ರಕಟವಾಗಿದೆ. ಆದರೆ ರೆಕ್ಕೆಯ ನರಗಳು ಮೊದಲು ಸೇರುವುದು ಮಿದುಳನ್ನಲ್ಲ, ಎದೆಭಾಗದ ನರಗ್ರಂಥಿಯನ್ನು. ಯಾವ ನಕ್ಷೆಯೂ ತಾನಾಗಿಯೇ ಕಾರ್ಯವನ್ನು ಹೇಳುವುದಿಲ್ಲ ಎಂಬುದಕ್ಕೆ ಹಿಕ್ಸ್ ಅವರ ಗುಮ್ಮಟಗಳೇ ಸಾಕ್ಷಿ.

ಮುಂಬಯಿ, ಮೈಸೂರು ಮತ್ತು ಬೆಂಗಳೂರುಗಳಲ್ಲಿ ನಡೆದ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಣ್ಣುನೊಣವನ್ನು ಸಾಕಲು ಬೇಕಾದುದು ಒಂದು ಗಾಜಿನ ಸೀಸೆ ಮತ್ತು ಸ್ವಲ್ಪ ಆಹಾರ. ಆ ಸೀಸೆಯೊಳಗಿನ ಜೀವಿಗೆ ತನ್ನದೇ ಆದ ಇಂದ್ರಿಯಲೋಕವಿದೆ ಎಂದು ಒಪ್ಪಿ, ಅದಕ್ಕೆ ಹೊಂದುವ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳುವ ವಿದ್ಯಾರ್ಥಿಗೆ ನಮ್ಮ ಕಾಲೇಜುಗಳ ಸಾಮಾನ್ಯ ಪ್ರಯೋಗಾಲಯದಲ್ಲಿಯೂ ಮಾಡಲು ಕೆಲಸವಿದೆ.